ಮಂಜಿಯ ಕಷಾಯ

ನನ್ನ ಮನೆಯ ಮೂಲೆಯಲ್ಲಿ ಒಂದು ಹಿತ್ತಾಳೆ ಕೊಡ ಕೂತಿದೆ. ಹೊನ್ನಾವರದಲ್ಲಿ ಸಭೆ ಸೇರಿಸಿ, ಚಪ್ಪಾಳೆ ತಟ್ಟಿ ನನಗೆ ಕೊಟ್ಟದ್ದು. ಅದರಲ್ಲಿ ಇವತ್ತಿನವರೆಗೆ ನಾನು ಒಂದು ತಂಬಿಗೆ ನೀರು ತುಂಬಿಲ್ಲ. ಸೊಸೆ ಕೇಳಿದರೆ ಬುಡ ತೂತಾಗಿದೆ ಅನ್ನುತ್ತೇನೆ. ಸುಳ್ಳು. ಕೊಡ ಗಟ್ಟಿಯಾಗಿಯೇ ಇದೆ. ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಅಷ್ಟೆ.

ನಾನು ಬೆಳಕೆಯ ಮಾಸ್ತಮ್ಮ. ನನ್ನ ಗಂಡ ಶುಕ್ರ ಸಮುದ್ರಕ್ಕೆ ಹೋಗುವವನು. ನಾನು ಹೆರಿಗೆ ಮಾಡಿಸುವವಳು. ಈ ಕೆಲಸ ನನ್ನ ಅತ್ತೆಯಿಂದ ನನ್ನ ಕೈಗೆ ಬಂತು. ಬೆಳಕೆಯ ಕಡಲ ಬದಿಯಲ್ಲಿ ಇವತ್ತು ದೋಣಿ ನೂಕುವ ಗಂಡುಗಳಲ್ಲಿ ಅರ್ಧ ಜನರ ಹೊಕ್ಕುಳ ಬಳ್ಳಿ ಕೊಯ್ದವಳು ನಾನೇ. ಜಂಬ ಅಂದರೆ ಅನ್ನಿ. ಜಂಬವೇ. ಈ ಜಂಬವೇ ಕಡೆಗೆ ನನ್ನನ್ನು ತಿಂದದ್ದು. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಸರಕಾರದವರು ನಮ್ಮಂಥ ಸೂಲಗಿತ್ತಿಯರನ್ನು ಕರೆದು ಒಂದು ತಿಂಗಳು ತರಬೇತಿ ಕೊಟ್ಟರು. ಮುಗಿದ ಮೇಲೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಕತ್ತರಿ, ನೂಲು, ಸಾಬೂನು, ಉಗುರು ಉಜ್ಜುವ ಬ್ರಶ್ಶು. ಅವತ್ತೇ ಕೆಲಸದ ಗಡಿಯನ್ನೂ ಗೆರೆ ಎಳೆದು ಹೇಳಿದರು. ಕೈ ತೊಳೆದು ಮಗುವನ್ನು ಹಿಡಿಯುವುದು ನನ್ನ ಕೆಲಸ. ಸೂಜಿ ಚುಚ್ಚುವುದು ನರ್ಸ್ ಬಾಯಿಯ ಕೆಲಸ. ಒಳಗೆ ಕೈ ಹಾಕುವುದು ಡಾಕ್ಟರ ಕೆಲಸ, ಬೇರೆ ಯಾರದ್ದೂ ಅಲ್ಲ.

ನನಗೆ ಅದು ಒಪ್ಪಿಗೆಯಾಯಿತು. ಯಾಕೆಂದರೆ ಒಳಗೆ ಕೈ ಹಾಕಿದ ಪಾಪ ನನ್ನ ತಲೆಯ ಮೇಲಿತ್ತು. ಬೇಡದ ಬಸಿರು ಇಳಿಸುವುದಕ್ಕೂ ಜನ ಮೊದಲು ನಮ್ಮ ಹತ್ತಿರವೇ ಬರುತ್ತಿದ್ದರು. ಕಡ್ಡಿ ಹಾಕುವುದು ಅನ್ನುತ್ತಿದ್ದರು ಅದಕ್ಕೆ. ಸೀತೆ ಅಂತ ಒಬ್ಬಳು, ನಾಲ್ಕು ಮಕ್ಕಳ ತಾಯಿ, ಕೈ ಮುಗಿದು ಕೂತಳು. ಮಾಡಿದೆ. ಮೂರನೇ ದಿನ ಚಳಿಜ್ವರ ಬಂದು, ಹೊಟ್ಟೆ ಉಬ್ಬಿ ಸತ್ತಳು. ಊರವರು ಸಮುದ್ರದ ಗಾಳಿ ಸೋಕಿತು ಅಂದರು. ನನಗೆ ಗೊತ್ತಿತ್ತು. ಅವತ್ತೇ ದೇವರ ಮುಂದೆ ತೆಂಗಿನಕಾಯಿ ಮುಟ್ಟಿ, ಇನ್ನು ಕಡ್ಡಿ ಮುಟ್ಟುವುದಿಲ್ಲ ಅಂತ ಆಣೆ ಮಾಡಿದೆ. ಸೀತೆಯ ವಿಷಯ ಈ ಲೋಕದಲ್ಲಿ ನಾನು ಒಬ್ಬರಿಗೇ ಹೇಳಿದ್ದು. ಶ್ರೀಮತಿ ಬಾಯಿಗೆ.

ಶ್ರೀಮತಿ ಬಾಯಿ ನಮ್ಮ ಉಪಕೇಂದ್ರದ ನರ್ಸು. ಕುಮಟೆಯ ಕಡೆಯವರು. ಬಿಳಿ ಸೀರೆ, ಕಪ್ಪು ಛತ್ರಿ, ಕಾಲಲ್ಲಿ ರಬ್ಬರಿನ ಚಪ್ಪಲಿ. ಮರಳಲ್ಲಿ ಮೈಲುಗಟ್ಟಲೆ ನಡೆದು ಬಾಣಂತಿಯರ ಮನೆಗೆ ಬರುತ್ತಿದ್ದರು. ನಮ್ಮ ಮನೆಯಲ್ಲಿ ಕೂತು ಗಂಜಿ, ಸುಟ್ಟ ಬಂಗಡೆ ಉಣ್ಣುತ್ತಿದ್ದರು. ನರ್ಸಾದವರು ನಮ್ಮಂಥವರ ಮನೆಯಲ್ಲಿ ಉಣ್ಣುವುದು ಅಂದರೆ ಆಗ ಸಣ್ಣ ಮಾತಲ್ಲ. ನನಗೆ ಅವರು ಅಂದರೆ ಪ್ರಾಣ.

ಸೀತೆಯ ವಿಷಯ ಕೇಳಿ ಅವರು ನನ್ನ ಕೈ ಹಿಡಿದುಕೊಂಡಿದ್ದರು.

"ಕಾನೂನು ಬಂದು ಏಳೆಂಟು ವರ್ಷ ಆತು ಮಾಸ್ತಮ್ಮ. ಬ್ಯಾಡ ಅಂದ್ರೆ ಆಸ್ಪತ್ರೇಲಿ ಡಾಕ್ಟ್ರು ಕ್ಲೀನ್ ಮಾಡ್ತಾರೆ. ಯಾರೂ ಸಾಯೂದಿಲ್ಲ. ಯಾರಿಗೂ ಗೊತ್ತೂ ಆಗೂದಿಲ್ಲ. ಇನ್ನು ಯಾರು ಬಂದ್ರೂ ನನ್ನ ಹತ್ರ ಕರ್ಕೊಂಡು ಬಾ," ಅಂದರು.

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಬಾಯಿಗೆ ಇನ್ನೊಂದು ಕೆಲಸವೂ ಇತ್ತು. ಮಕ್ಕಳು ಸಾಕು ಅನ್ನುವವರನ್ನು ಆಪರೇಶನ್ನಿಗೆ ಕರೆತರುವುದು. ಮೇಲಿನವರು ಇಷ್ಟು ಕೇಸು ಆಗಲೇಬೇಕು ಅಂತ ಟಾರ್ಗೆಟ್ ಹಾಕುತ್ತಿದ್ದರು. ಮಾರ್ಚ್ ಬಂತು ಅಂದರೆ ಬಾಯಿಯ ಮುಖ ಸಣ್ಣದಾಗುತ್ತಿತ್ತು. ನಾನೂ ಕೆಲವರನ್ನು ಒಪ್ಪಿಸಿ ಕರೆದುಕೊಂಡು ಹೋದೆ. ನನಗೆ ಓದು ಬರಹ ಬಾರದು. ಹಾಗಾಗಿ ಬಲೆ ಹೆಣೆಯುವ ನೂಲು ಒಂದನ್ನು ಗೋಡೆಯ ಮೊಳೆಗೆ ನೇತುಹಾಕಿ, ಆಪರೇಶನ್ ಆದ ಒಬ್ಬೊಬ್ಬಳಿಗೆ ಒಂದೊಂದು ಗಂಟು ಹಾಕುತ್ತಿದ್ದೆ. ಕ್ಲೀನಿಗೆ ಹೋದವರಿಗೆ ಗಂಟಿಲ್ಲ. ಅದು ಗುಟ್ಟಿನ ಸಂಗತಿ.

ಎಂಬತ್ತೊಂದರ ಮಾರ್ಚಿನಲ್ಲಿ ಮಂಜಿ ಬಂದಳು.

ಮಂಜಿ ನಮ್ಮ ನೆರೆಮನೆಯ ತಿಮ್ಮಕ್ಕನ ಸೊಸೆ, ಇಪ್ಪತ್ತೆರಡರ ಹುಡುಗಿ. ಗಂಡ ನಾಗ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದ. ತಿಂಗಳಿಗೊಮ್ಮೆ ಮನೆ ಕಂಡರೆ ಹೆಚ್ಚು. ತಿಮ್ಮಕ್ಕ ಮೀನು ಬುಟ್ಟಿ ಹೊತ್ತು ಶಿರಾಲಿಯವರೆಗೆ ಮಾರಿ ಬರುವ ಗಟ್ಟಿ ಹೆಂಗಸು. ಮಂಜಿಯ ಮೊದಲ ಹೆರಿಗೆ ನಾನೇ ಮಾಡಿಸಿದ್ದು. ಹುಟ್ಟಿದ ಹೆಣ್ಣು ಲಕ್ಕಿ ಬೆಕ್ಕಿನ ಮರಿಯಷ್ಟಿತ್ತು. ಮಂಜಿಗೆ ಬಹಳ ರಕ್ತ ಹೋಗಿತ್ತು. ಈಗ ಲಕ್ಕಿಗೆ ಎಂಟು ತಿಂಗಳು. ಇನ್ನೂ ಕೂರಲು ಬಾರದು, ಮೊಲೆಹಾಲು ಬಿಟ್ಟರೆ ಬೇರೆ ಏನೂ ಹೊಟ್ಟೆಯಲ್ಲಿ ನಿಲ್ಲದು. ಅಷ್ಟರಲ್ಲಿ ಮಂಜಿಗೆ ಮತ್ತೆ ಎರಡು ತಿಂಗಳು ನಿಂತಿತ್ತು.

"ಹಾಲು ಬತ್ತಿದ್ರೆ ಲಕ್ಕಿ ಉಳೂದಿಲ್ಲ ದೊಡ್ಡಮ್ಮ," ಅಂದಳು. "ಈಗ ಬ್ಯಾಡ. ಅವ್ಳು ನಡೂಕೆ ಕಲೀಲಿ. ಆಮೇಲೆ ಇನ್ನಿಬ್ರು ಬೇಕು ನಂಗೆ. ಗಂಡೋ ಹೆಣ್ಣೋ, ಎಂತಾದ್ರೂ ಅಡ್ಡಿಲ್ಲ. ಅತ್ತೆಗೆ ಮಾತ್ರ ಗೊತ್ತಾಗ್ಬಾರ್ದು."

ಈ ಮಾತನ್ನೇ ಅವಳು ಶ್ರೀಮತಿ ಬಾಯಿಯ ಮುಂದೆಯೂ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಇನ್ನಿಬ್ಬರು ಬೇಕು ಅಂತ, ಎರಡು ಬೆರಳು ಎತ್ತಿ ತೋರಿಸಿ ಹೇಳಿದಳು. ಬಾಯಿ ನಕ್ಕರು. "ಇಬ್ರೇ ಯಾಕೆ, ಮೂರು ಹೆರು. ಮೊದ್ಲು ಮೈಯಲ್ಲಿ ರಕ್ತ ಆಗ್ಲಿ," ಅಂದರು. ನನ್ನ ಕಿವಿಯಾರೆ ಕೇಳಿದ್ದು.

ತವರಿಗೆ ಹೋಗುತ್ತೇನೆ ಅಂತ ಮಂಜಿ ಮನೆಯಲ್ಲಿ ಹೇಳಿದಳು. ನಾನು, ಅವಳು, ಮಡಿಲಲ್ಲಿ ಲಕ್ಕಿ, ಮುಂದಿನ ಸೀಟಿನಲ್ಲಿ ಬಾಯಿ. ಬೆಳಿಗ್ಗೆಯ ಬಸ್ಸಿನಲ್ಲಿ ಹೋದೆವು. ಆ ಆಸ್ಪತ್ರೆಯ ಹೆಸರು ಹೇಳಲು ನನ್ನ ನಾಲಗೆ ಏಳುವುದಿಲ್ಲ. ಅಲ್ಲಿ ಒಂದು ಮೇಜು. ಅದರ ಮೇಲೆ ಕಾಗದಗಳು. ಬಾಯಿಯೇ ಮಂಜಿಯ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ, ಒಂದು ಕಾಗದಕ್ಕೆ, ಅದನ್ನು ಮಗುಚಿ ಇನ್ನೊಂದಕ್ಕೆ ಒತ್ತಿಸಿದರು. ನನ್ನ ಹೆಬ್ಬೆಟ್ಟೂ ಒತ್ತಿಸಿಕೊಂಡರು, ಸಾಕ್ಷಿ ಅಂತ. ಓದಿ ಹೇಳಿ ಅಂತ ನಾನೂ ಕೇಳಲಿಲ್ಲ, ಮಂಜಿಯೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಗಂಜಿ ಉಂಡವರನ್ನು ಯಾರು ಕೇಳುತ್ತಾರೆ?

ನಾನು ಲಕ್ಕಿಯನ್ನು ಹೊತ್ತು ಹೊರಗೆ ಕೂತೆ. ಒಳಗೆ ಬಿಡಲಿಲ್ಲ. ಹೊರಗಿನದಷ್ಟೇ ನನ್ನ ಕೆಲಸವಲ್ಲವೇ.

ಎರಡು ದಿನ ಬಿಟ್ಟು ವಾಪಸು ಬರುವ ಮೊದಲು, ಮಂಜಿ ಸೀರೆಯ ನೆರಿಗೆ ಇಳಿಸಿ ತೋರಿಸಿದಳು. ಹೊಟ್ಟೆಯ ಕೆಳಗೆ, ತೊಡೆಸಂದಿಗೆ ಹತ್ತಿರ, ಎರಡು ಬೆರಳಗಲ ಬ್ಯಾಂಡೇಜು.

"ಇದೆಂತಕ್ಕೆ ಕೊಯ್ದಿರು ದೊಡ್ಡಮ್ಮ? ಕ್ಲೀನ್ ಅಂದ್ರೆ ಕೆಳಗಿಂದ ಅಂತ ನೀನೇ ಹೇಳಿದ್ದೆ."

ನನಗೂ ಒಮ್ಮೆ ಅನುಮಾನ ಬಂತು. ಆದರೆ ನಾನು ಅಲ್ಲಿಯವರೆಗೆ ಆಪರೇಶನ್ನಿಗೆ ಕರೆತಂದವರೆಲ್ಲ ಹಸಿ ಬಾಣಂತಿಯರು. ಅವರಿಗೆ ಹೊಲಿಗೆ ಬೀಳುವುದು ಹೊಕ್ಕುಳ ಬುಡದಲ್ಲಿ. ಬಾಣಂತಿ ಅಲ್ಲದವಳಿಗೆ ಕೆಳಗೆ ಕೊಯ್ಯುತ್ತಾರೆ ಅಂತ ನನಗೆ ಯಾರು ಹೇಳಿದ್ದರು? ಇದು ಬೇರೆ ಜಾಗ, ಹಾಗಾದರೆ ಇದು ಆಪರೇಶನ್ ಅಲ್ಲ ಅಂತ ನನ್ನೊಳಗೇ ತೀರ್ಮಾನ ಮಾಡಿಕೊಂಡೆ. ಮತ್ತೆ ಅವಳ ಎದುರು ಗೊತ್ತಿಲ್ಲ ಅನ್ನುವುದೇ? ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು ನಾನು.

"ಆಸ್ಪತ್ರೆ ಕ್ಲೀನು ಹಾಗೇ. ಮೇಲಿಂದ ತೆಗೀತ್ರು," ಅಂದೆ.

"ಬಾಯೀನ ಕೇಳ್ಲಾ?"

"ಎಂತಕ್ಕೆ? ನಂಗೆ ಗೊತ್ತಿಲ್ವಾ? ಸುಮ್ನಿರು. ನಾಗನೋ ಅತ್ತೆಯೋ ಕೇಳಿದ್ರೆ ಕುರು ಆಗಿತ್ತು, ಕೊಯ್ದಿರು ಅನ್ನು."

ಮಂಜಿ ತಲೆಯಾಡಿಸಿದಳು. ನನ್ನ ಮಾತು ಅಂದರೆ ಅವಳಿಗೆ ವೇದವಾಕ್ಯ. ಎಂಟನೇ ದಿನ ಬಾಯಿಯೇ ಬಂದು ಹೊಲಿಗೆ ಬಿಚ್ಚಿದರು. ನನ್ನ ಮುಖ ನೋಡಲಿಲ್ಲ. ಅವಸರದಲ್ಲಿದ್ದಾರೆ ಅಂದುಕೊಂಡೆ.

ಲಕ್ಕಿ ಉಳಿದಳು. ಅದೊಂದು ನಿಜ. ಹಾಲು ಕುಡಿದು ಗುಂಡಗಾದಳು, ಎರಡನೇ ವರ್ಷಕ್ಕೆ ಅಂಗಳದಲ್ಲೆಲ್ಲ ಓಡಾಡಿದಳು. ಈಗ ಆಗಲಿ ಅಂತ ಮಂಜಿ ಕಾದಳು. ಪ್ರತಿ ತಿಂಗಳೂ ಹೊರಗೆ ಕೂರುತ್ತಿದ್ದಳು. ಒಂದು ದಿನ ತಪ್ಪಲಿಲ್ಲ. ನಾಗ ಊರಿಗೆ ಬಂದಾಗಲೆಲ್ಲ ತಿಮ್ಮಕ್ಕ ಬೆರಳು ಮಡಿಚಿ ದಿನ ಎಣಿಸುತ್ತಿದ್ದಳು. ಆಮೇಲೆ ಮಾತು ಶುರುವಾಯಿತು. ಒಂದು ಹೆಣ್ಣು ಹೆತ್ತು ಹೊಟ್ಟೆ ಕಟ್ಟಿತು ಅಂದಳು. ಮನೆಗೆ ದೀಪ ಹಚ್ಚುವವನು ಬೇಡವೇ ಅಂದಳು. ಪಕ್ಕದ ಜಾಲಿ ಊರಲ್ಲಿ ನಾಗನಿಗೆ ಸುಕ್ರಿ ಅಂತ ಒಂದು ಹುಡುಗಿ ಇದ್ದಾಳಂತೆ ಅಂತಲೂ ಅಂದಳು. ನಾಗ ತಾಯಿಯ ಮಾತಿಗೆ ಹೌದೂ ಅನ್ನುವವನಲ್ಲ, ಅಲ್ಲಾ ಅನ್ನುವವನೂ ಅಲ್ಲ. ಅಂಥವರನ್ನು ನಂಬಿ ಹೆಂಗಸರು ಬದುಕುವುದು ಹೇಗೆ, ಹೇಳಿ.

ಮಂಜಿ ನನ್ನ ಬಳಿ ಬಂದು ಅತ್ತಳು. "ದೊಡ್ಡಮ್ಮ, ಆ ಹುಡ್ಗಿ ಬಂದ್ರೆ ನಾನೂ ಲಕ್ಕಿಯೂ ಕೊಟ್ಗೆ ಪಾಲು."

ಆಗ ನಾನು ತಿಮ್ಮಕ್ಕನ ಅಂಗಳದಲ್ಲಿ ನಿಂತು ಎದೆ ತಟ್ಟಿ ಹೇಳಿದೆ. "ತಿಮ್ಮಕ್ಕ, ನಾ ಮದ್ದು ಕೊಡ್ತೆ. ನನ್ ಕೈ ಮದ್ದು ಕುಡಿದು ಬಸ್ರಾಗದವ್ಳು ಬೆಳಕೇಲಿ ಇಲ್ಲ. ಮದ್ದು ನಡೀತಿರೂವಾಗ ಬೇರೆ ಮಾತು ಎತ್ತ್‌ಬಾರ್ದು."

ತಿಮ್ಮಕ್ಕನಿಗೆ ನನ್ನ ಕೈಗುಣದ ಮೇಲೆ ನಂಬಿಕೆ. ನಾಗ ಹುಟ್ಟಿದ್ದೂ ಅವಳು ನನ್ನ ಅತ್ತೆಯ ಕಷಾಯ ಕುಡಿದ ಮೇಲೆಯೇ. "ಆತು ಮಾರಾಯ್ತಿ. ನೀ ಮದ್ದು ಕೊಡೂ ತನ್ಕ ನಾ ಸುಮ್ನಿರ್ತೆ," ಅಂದಳು.

ಶತಾವರಿಯ ಬೇರು ಅಗೆದು ತಂದೆ. ನಮ್ಮಲ್ಲಿ ಅದಕ್ಕೆ ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ. ಜೀರಿಗೆ, ಕಲ್ಲುಸಕ್ಕರೆ ಹಾಕಿ ಕುದಿಸಿ ಬತ್ತಿಸಿ, ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಲೋಟ. ಒಂದು ವರ್ಷ, ಮಳೆ ಬಿಸಿಲು ನೋಡದೆ ನಾನೇ ಒಯ್ದು ಕೊಟ್ಟೆ. ಅವಳು ಕಣ್ಣು ಮುಚ್ಚಿ, ದೇವರ ತೀರ್ಥದ ಹಾಗೆ ಕುಡಿಯುತ್ತಿದ್ದಳು.

ಎಂಬತ್ಮೂರರ ಏಪ್ರಿಲ್‌ನಲ್ಲಿ ಹೊನ್ನಾವರಕ್ಕೆ ಕರೆ ಬಂತು. ಭಟ್ಕಳ, ಹೊನ್ನಾವರ, ಕುಮಟಾ ಮೂರು ತಾಲೂಕಿನ ಸೂಲಗಿತ್ತಿಯರ ಸಭೆ. ಹೊಸ ಸೀರೆ ಉಟ್ಟು ಹೋದೆ. ವೇದಿಕೆಯ ಮೇಲೆ ಒಬ್ಬ ಸಾಹೇಬರು ಮೈಕಿನಲ್ಲಿ ನನ್ನ ಹೆಸರು ಕರೆದರು. ಬೆಳಕೆಯ ಮಾಸ್ತಮ್ಮ, ತರಬೇತಿಯಾದ ಮೇಲೆ ಒಂಬತ್ತು ಆಪರೇಶನ್ ಕೇಸು ತಂದವರು ಅಂದರು. ಚಪ್ಪಾಳೆ. ಕೈಗೆ ಕೊಡ.

ಕೊಡ ಹಿಡಿದು ಕೆಳಗೆ ಬಂದು ಕೂತೆ. ಒಂಬತ್ತು ಹೇಗಾಯಿತು? ನನ್ನ ನೂಲಿನಲ್ಲಿ ಎಂಟೇ ಗಂಟು. ಕಣ್ಣು ಮುಚ್ಚಿ ಒಂದೊಂದೇ ಮುಖ ನೆನೆದೆ. ಎಂಟೇ. ಸಭೆ ಮುಗಿದು ಚಹಾ ಕೊಡುವಾಗ, ಪಟ್ಟಿ ಹಿಡಿದುಕೊಂಡಿದ್ದ ಗುಮಾಸ್ತನ ಹತ್ತಿರ ಹೋದೆ.

"ಒಂಚೂರು ಹೆಸ್ರು ಓದಿ ಹೇಳಿ ಒಡೆಯಾ. ನನ್ನವ್ರ ಹೆಸ್ರು ಕೇಳೂಕೆ ಆಸೆ," ಅಂದೆ.

ಅವನು ನಗುತ್ತಾ ಓದಿದ. ಏಳನೆಯ ಹೆಸರು ಮಂಜಿ. ಗಂಡನ ಹೆಸರು ನಾಗ. ಊರು ಬೆಳಕೆ. ಜೀವಂತ ಮಕ್ಕಳು ಮೂರು. ಕರೆತಂದವರು, ಸಾಕ್ಷಿ, ಮಾಸ್ತಮ್ಮ.

ಆ ನೆಲ ಯಾಕೆ ಬಾಯಿ ಬಿಡಲಿಲ್ಲವೋ. ಒಂದು ವರ್ಷ ಕುದಿಸಿದ ಬೇರಿನ ವಾಸನೆ ಅಲ್ಲಿಯೇ ಮೂಗಿಗೆ ಬಡಿಯಿತು.

ಶ್ರೀಮತಿ ಬಾಯಿ ಹಿಂದಿನ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಎದುರು ಹೋಗಿ ನಿಂತೆ.

"ಮಂಜಿಗೆ ಮೂರು ಮಕ್ಳು ಎಲ್ಲಿಂದ ಬಂದ್ರು ಬಾಯಿ?"

ಬಾಯಿ ಲೋಟ ಕೆಳಗಿಟ್ಟರು. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ಅವರು ಒಳ್ಳೆಯವರೇ.

"ಅವತ್ತು ಮಾರ್ಚ್ ಇಪ್ಪತ್ತೆಂಟು," ಅಂದರು. "ನಂಗೆ ಇನ್ನೂ ನಾಲ್ಕು ಕೇಸು ಕಮ್ಮಿ ಇತ್ತು. ಒಂದೇ ಮಗು ಅಂತ ಬರೆದ್ರೆ ಕೇಸು ಅಂತ ಹಿಡೀತಿರ್ಲಿಲ್ಲ. ಸಂಬಳ ತಡೀತೆ, ಘಟ್ಟದ ಮೇಲೆ ವರ್ಗ ಹಾಕ್ತೆ ಅಂತ ಮೇಲಿನವ್ರು ಹೇಳಿದ್ರು. ಡಾಕ್ಟ್ರೂ ಹೇಳಿದ್ರು, ಆಪರೇಶನ್‌ಗೆ ಒಪ್ಪಿದ್ರೆ ಮಾತ್ರ ಕ್ಲೀನು, ಇಲ್ದಿದ್ರೆ ಕರ್ಕೊಂಡು ಹೋಗು ಅಂತ. ನಾ ಎಂತ ಮಾಡೂದು?"

"ಹಾಗಂತ ಕಾನೂನು ಉಂಟಾ?"

"ಇಲ್ಲ."

"ಅವ್ಳನ್ನ ಒಂದ್ ಮಾತು ಕೇಳೂಕೆ ಆಗ್ಲಿಲ್ವಾ?"

"ಕೇಳಿದ್ರೆ ಒಪ್ತಿದ್ಲಾ? ವಾಪಸ್ ಹೋಗಿ ಯಾರ ಕಡ್ಡಿಗೋ ಬೀಳ್ತಿದ್ಲು. ನಿನ್ ಸೀತೆಯ ಹಾಗೇ ಸಾಯ್ತಿದ್ಲು. ನಾ ಜೀವ ಉಳ್ಸಿದೆ ಅಂತ ತಿಳ್ಕೋ ಮಾಸ್ತಮ್ಮ."

ನಂಬಿ ಹೇಳಿಕೊಂಡ ನನ್ನ ಪಾಪವನ್ನೇ ತೆಗೆದು ನನ್ನ ಮುಖಕ್ಕೇ ಎಸೆದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಕೈಯಲ್ಲಿದ್ದ ಕೊಡವನ್ನು ಅವರ ತಲೆಗೆ ಹಾಕಬೇಕು ಅನ್ನಿಸಿತು. ಸುಳ್ಳಲ್ಲ. ಹಾಕಲಿಲ್ಲ.

"ಮತ್ತೆ ಜೋಡ್ಸೂಕೆ ಬತ್ತಾ?" ಅಂತ ಕೇಳಿದೆ.

"ದೊಡ್ಡ ಊರಲ್ಲಿ ಮಾಡ್ತಾರಂತೆ. ಆಗ್ತದೆ ಅಂತ ಹೇಳೂಕೆ ಬರೂದಿಲ್ಲ. ಗಂಡನ ಸಹಿಯೂ ಬೇಕು." ಲೋಟ ಮತ್ತೆ ಕೈಗೆತ್ತಿಕೊಂಡು, "ಅವ್ಳಿಗೆ ಹೇಳ್ಬೇಡ. ಹೇಳಿ ಎಂತ ಸುಖ?" ಅಂದರು.

ಬಸ್ಸಿನಲ್ಲಿ ಅವರು ಬೇರೆ ಸೀಟಿನಲ್ಲಿ ಕೂತರು. ಆಮೇಲೆ ನಮ್ಮ ಮನೆಯಲ್ಲಿ ಅವರು ಉಣ್ಣಲಿಲ್ಲ. ನಾನು ಕರೆಯಲೂ ಇಲ್ಲ.

ಮೂರು ದಿನ ನಾನು ಕಷಾಯ ಒಯ್ಯಲಿಲ್ಲ. ಜ್ವರ ಅಂದೆ. ನಾಲ್ಕನೇ ದಿನ ಬೆಳಿಗ್ಗೆ ತಿಮ್ಮಕ್ಕ ಮೀನಿಗೆ ಹೋದ ಮೇಲೆ ಮಂಜಿ ತಾನೇ ಲೋಟ ಹಿಡಿದುಕೊಂಡು ನಮ್ಮ ಹಿತ್ತಿಲಿಗೆ ಬಂದಳು. ಮೂಲೆಯಲ್ಲಿದ್ದ ಕೊಡ ಕಂಡು, "ಚೆಂದ ಉಂಟು ದೊಡ್ಡಮ್ಮ. ಇದ್ರಲ್ಲೇ ನನ್ ಮಗೂಗೆ ನೀರು ಮೀಸು," ಅಂದಳು. ಇನ್ನು ತಡೆಯಲು ನನ್ನಿಂದ ಆಗಲಿಲ್ಲ. ಕೂರಿಸಿ ಎಲ್ಲವನ್ನೂ ಹೇಳಿದೆ. ಎರಡು ಕಾಗದ, ಮೂರು ಮಕ್ಕಳು, ಒಂಬತ್ತು ಕೇಸು, ಕೊಡ. ಒಂದೂ ಬಿಡಲಿಲ್ಲ.

ಮಂಜಿ ಅಳಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ನನಗೆ ಚೂರು ಸಮಾಧಾನ ಆಗುತ್ತಿತ್ತು. ಹೊಟ್ಟೆಯ ಆ ಜಾಗಕ್ಕೆ ಸೀರೆಯ ಮೇಲಿಂದಲೇ ಕೈ ಇಟ್ಟುಕೊಂಡು ಕೂತಳು.

"ಬಾಯಿ ಯಾರು, ಊರಿಗೆ ಬಂದವ್ರು," ಅಂದಳು. "ನಾ ನಿನ್ನ ಕೇಳಿದ್ದೆ ದೊಡ್ಡಮ್ಮ. ಇದೆಂತಕ್ಕೆ ಕೊಯ್ದಿರು ಅಂತ. ಬಾಯೀನ ಕೇಳ್ಲಾ ಅಂದೆ. ನಂಗೆ ಗೊತ್ತಿಲ್ಲ, ಕೇಳುವ ಬಾ ಅಂತ ಒಂದ್ ಮಾತು ನೀ ಹೇಳಿದ್ರೆ, ಎರಡು ವರ್ಷ ನಾ ದಾರಿ ಕಾಯ್ತಿರ್ಲಿಲ್ಲ."

ಕಟ್ಟಿದ್ದು ಡಾಕ್ಟರು, ಬರೆದದ್ದು ಬಾಯಿ. ಗೊತ್ತು ಗೊತ್ತು ಅಂತ ಅವಳನ್ನು ಸುಮ್ಮನಾಗಿಸಿದವಳು ನಾನು.

"ನಾ ಬತ್ತೆ. ತಿಮ್ಮಕ್ಕಂಗೆ, ನಾಗಂಗೆ ನಾನೇ ಹೇಳ್ತೆ. ತಪ್ಪು ನಂದು ಅಂತ ಕಾಲು ಹಿಡೀತೆ," ಅಂದೆ.

"ಎಂತ ಹೇಳ್ತೆ? ಅವ್ರಿಗೆ ಹೇಳ್ದೆ ಬಸ್ರು ತೆಗ್ಸಿದೆ ಅಂತಾನಾ? ಆ ಬಸ್ರು ಗಂಡೇ ಆಗಿತ್ತು ಅಂತ ಅತ್ತೆ ಸಾಯೂ ತನ್ಕ ಹೇಳ್ತ್ರು. ಇನ್ನು ಆಗೂದೇ ಇಲ್ಲ ಅಂತ ಗೊತ್ತಾದ್ರೆ ಜಾಲಿ ಹುಡ್ಗಿ ನಾಳೆಯೇ ಬತ್ತು." ಅವಳು ಎದ್ದು ನಿಂತು ಲೋಟವನ್ನು ನನ್ನ ಮುಂದೆ ಇಟ್ಟಳು. "ಮದ್ದು ನಡೂ ತನ್ಕ ಅತ್ತೆ ಸುಮ್ನಿರ್ತ್ರು. ನೀನೇ ಕಟ್ಟಿದ ಮಾತು ಅದು. ಮದ್ದು ನಿಲ್ಸ್‌ಬ್ಯಾಡ."

"ಎಷ್ಟ್ ದಿನ ಮಂಜಿ?"

"ನಿನ್ ಮಾತು ಎಷ್ಟ್ ದಿನ ನಡೀತೋ ಅಷ್ಟ್ ದಿನ. ಲಕ್ಕಿ ಒಂಚೂರು ದೊಡ್ಡವ್ಳಾಗ್ಲಿ."

ಇದಾಗಿ ಒಂದೂವರೆ ವರ್ಷವಾಯಿತು. ಈ ನಡುವೆ ಇಬ್ಬರು ಹೆಂಗಸರು ಬೇಡದ ಬಸಿರು ಅಂತ ನನ್ನ ಬಳಿ ಬಂದರು. ಆಸ್ಪತ್ರೆಗೆ ಹೋಗು ಅಂದೆ. ನಾನೇ ಜೊತೆಗೆ ಬಂದು ಕಾಗದ ಓದಿಸಿ ಕೇಳುತ್ತೇನೆ ಅಂದೆ. ನನ್ನ ದನಿಯಲ್ಲಿ ಏನು ಕಂಡರೋ, ಇಬ್ಬರೂ ಬರಲಿಲ್ಲ. ಎಲ್ಲಿಗೆ ಹೋದರು ಅಂತ ಕೇಳುವ ಧೈರ್ಯ ನನಗಿಲ್ಲ.

ಕಷಾಯ ಮಾತ್ರ ತಪ್ಪಿಸಿಲ್ಲ. ಬೇರು ಅಗೆಯುತ್ತೇನೆ, ಕುದಿಸುತ್ತೇನೆ, ತಿಮ್ಮಕ್ಕ ಬುಟ್ಟಿ ಹೊತ್ತು ಹೊರಡುವ ಮೊದಲು ಅವಳ ಕಣ್ಣೆದುರೇ ಒಯ್ದು ಕೊಡುತ್ತೇನೆ. ತಿಮ್ಮಕ್ಕ ಒಳ್ಳೆಯ ಮೀನು ಆರಿಸಿ ನನ್ನ ಕೈಗಿಡುತ್ತಾಳೆ. "ನಿನ್ ಕೈಗುಣ ನಂಗೆ ಗೊತ್ತುಂಟು ಮಾರಾಯ್ತಿ, ತಡ ಆದ್ರೂ ಆಗ್ದೆ ಇರೂದಿಲ್ಲ," ಅನ್ನುತ್ತಾಳೆ. ನಾನು ಮೀನು ತೆಗೆದುಕೊಳ್ಳುತ್ತೇನೆ. ತೆಗೆದುಕೊಳ್ಳದಿದ್ದರೆ ಅನುಮಾನ ಬರುತ್ತದೆ.

ಮಂಜಿ ಈಗ ಕಣ್ಣು ಮುಚ್ಚಿ ಕುಡಿಯುವುದಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಒಂದು ಹನಿ ಬಿಡದೆ ಕುಡಿಯುತ್ತಾಳೆ. ಬರಿದಾದ ಲೋಟವನ್ನು ನನ್ನ ಕೈಗೆ ಕೊಟ್ಟು, ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಾಳೆ, "ನಾಳೆನೂ ತಕಂಡ್ ಬಾ ದೊಡ್ಡಮ್ಮ."